ಮಾತಿಗೊಂದು ಹೊತ್ತು, ಮಾತಿಗೊಂದು ಎಡೆ

‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆಯನ್ನು ನಮ್ಮ ಹಿರಿಯರು ಆಡುತ್ತಿದ್ದ ನಿಶ್ಚಿಂತೆಯನ್ನು ನೆನೆದರೆ, ದಾಂಪತ್ಯದ ವಿರಸಕ್ಕೆ ಬೇರೊಂದು ಮದ್ದೇ ಬೇಡವೆಂದು ಅವರು ದೃಢವಾಗಿ ನಂಬಿದ್ದರೆಂದು ತೋರುತ್ತದೆ. ಆ ನಂಬಿಕೆಗೆ ಆಧಾರವಿಲ್ಲದಿರಲಿಲ್ಲ. ಗಾದೆ ಹುಟ್ಟಿದ ಕಾಲದ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಗಂಡನೂ ಹೆಂಡತಿಯೂ ಒಂದೇ ಸೂರಿನ ಕೆಳಗೆ ಇರುತ್ತಿದ್ದರು. ಒಬ್ಬರು ಬಡಿಸಿ ಮತ್ತೊಬ್ಬರು ಉಣ್ಣುವಾಗ, ಮುನಿಸು ಎಷ್ಟೇ ಇದ್ದರೂ, ‘ಇನ್ನಷ್ಟು ಸಾರು ಹಾಕಲೆ’ ಎಂಬಷ್ಟು ಮಾತಾದರೂ ಹೊರಡಲೇಬೇಕಾಗಿತ್ತು. ಅನೇಕ ವೇಳೆ ಆ ಒಂದು ಮಾತೇ ಸಂಧಾನಕ್ಕೆ ನಾಂದಿಯಾಗುತ್ತಿತ್ತು. ಮುಂಬಯಿಯಲ್ಲಿ ಹೊಸದಾಗಿ ಸಂಸಾರ ಹೂಡಿರುವ ಕನ್ನಡದ ತರುಣ ದಂಪತಿಗಳಿಗೆ ದುರ್ಲಭವಾಗಿರುವುದು ಈ ಉಂಡು ಮಲಗುವ ಹೊತ್ತೇ.

ಇಲ್ಲಿಯ ಸಾಧಾರಣ ಸಂಸಾರವೊಂದರ ದಿನಚರಿಯನ್ನು ನೋಡಿರಿ. ಮನೆ ಡೊಂಬಿವಲಿಯಲ್ಲಿ, ಗಂಡನ ಕಚೇರಿ ಅಲ್ಲಿಂದ ಸುಮಾರು 48 ಕಿಲೋಮೀಟರು ದೂರದ ಸಿ.ಎಸ್.ಎಂ.ಟಿ. ಬಳಿಯ ಕೋಟೆ ಭಾಗದಲ್ಲಿ. ಹೆಂಡತಿಯಾದರೋ ಘಾಟ್‌ಕೋಪರಿನಲ್ಲಿ ಇಳಿದು ಮೆಟ್ರೋ ಹಿಡಿದು ಅಂಧೇರಿಗೆ ಹೋಗತಕ್ಕವಳು. ಇಬ್ಬರೂ ಒಂದೇ ಫಾಸ್ಟ್ ಲೋಕಲಿಗೆಂದು ಮನೆಯಿಂದ ಒಟ್ಟಿಗೆ ಹೊರಟರೂ, ಪ್ಲಾಟ್‌ಫಾರಂ ಮುಟ್ಟಿದೊಡನೆ ಅವಳು ಲೇಡೀಸ್ ಡಬ್ಬದ ಕಡೆಗೆ, ಅವನು ಜನರಲ್ ಡಬ್ಬದ ಕಡೆಗೆ. ಒಂದೇ ಗಾಡಿಯಲ್ಲಿ ಕುಳಿತ ಗಂಡಹೆಂಡಿರ ನಡುವೆ ನೂರಾರು ಅಪರಿಚಿತರು. ವಸಯಿ, ವಿರಾರ್‌ಗಳಿಂದ ಚರ್ಚ್‌ಗೇಟಿಗೆ ಬರುವವರ ಪಾಡು ಇದಕ್ಕಿಂತ ಸುಖವಾದುದೇನಲ್ಲ. ಸಂಜೆ ಅವಳು ಎಂಟು ಗಂಟೆಗೆ ಮನೆ ಸೇರಿದರೆ ಅವನು ಒಂಬತ್ತೂವರೆಗೆ. ಒಬ್ಬರಿಗೆ ರಾತ್ರಿ ಪಾಳಿಯಿದ್ದರಂತೂ ಒಬ್ಬರು ಬರುವ ಹೊತ್ತಿಗೆ ಮತ್ತೊಬ್ಬರು ಹೊರಟಿರುತ್ತಾರೆ. ಹೀಗೆ ಸೋಮವಾರ ಎದ್ದ ಮುನಿಸು ಶನಿವಾರದವರೆಗೆ ಮುಟ್ಟುವವರಿಲ್ಲದೆ ಉಳಿದು, ಆ ಆರು ದಿನಗಳಲ್ಲಿ ಇಬ್ಬರ ಮನಸ್ಸಿನಲ್ಲಿಯೂ ಎರಡು ಬೇರೆ ಬೇರೆ ಕಥೆಗಳಾಗಿ ಬೆಳೆದುಬಿಡುತ್ತದೆ.

ಆದುದರಿಂದ, ಮುಂಬಯಿಯ ತರುಣ ದಂಪತಿಗಳಲ್ಲಿ ಪ್ರೀತಿ ಕಡಿಮೆಯಾಗಿದೆ ಎಂದು ಹಳಿಯುವವರ ಮಾತನ್ನು ನಾನು ಒಪ್ಪಲಾರೆ. ತೊಡಗಿದ ಮಾತನ್ನು ಮುಗಿಸುವ ಅವಕಾಶ ಅವರಿಗಿಲ್ಲ. ಅರ್ಧಕ್ಕೆ ನಿಂತ ಮಾತುಗಳು ಸಂಚಯವಾದಂತೆ ವಿಶ್ವಾಸ ಸವೆಯುತ್ತದೆ, ವಿಶ್ವಾಸ ಸವೆದಂತೆ ಸಾಮೀಪ್ಯ ದೂರವಾಗುತ್ತದೆ. ಇದನ್ನು ಸರಿಪಡಿಸಲು ಒಂದು ದೊಡ್ಡ ಕ್ಷಮಾಪಣೆಯಾಗಲಿ, ವಿವಾಹದ ವಾರ್ಷಿಕೋತ್ಸವಕ್ಕೆ ಕೊಡುವ ಬಂಗಾರದ ಸರವಾಗಲಿ ಸಾಲದು. ಮಾತಿಗೆ ಒಂದು ಹೊತ್ತನ್ನೂ ಒಂದು ಎಡೆಯನ್ನೂ ಬುದ್ಧಿಪೂರ್ವಕವಾಗಿ ಕಲ್ಪಿಸಿಕೊಂಡು, ಅಲ್ಲಿ ಆಡಿದ್ದನ್ನು ಚಿಕ್ಕ ಚಿಕ್ಕ ನಡತೆಗಳಲ್ಲಿ ದಿನದಿನವೂ ಉಳಿಸಿಕೊಳ್ಳಬೇಕು. ಇದು ಅಭ್ಯಾಸದಿಂದ ಬರುವ ವಿದ್ಯೆ. ಯಾರೂ ಇದನ್ನು ಹುಟ್ಟಿನಿಂದ ಬಲ್ಲವರಲ್ಲ.

ನಮ್ಮವರಿಗೆ ಈ ವಿದ್ಯೆ ಪರಂಪರೆಯಿಂದ ಬಾರದಿರುವುದಕ್ಕೆ ಮುಂಬಯಿಯ ಕನ್ನಡಿಗರ ಇತಿಹಾಸದಲ್ಲಿಯೇ ಒಂದು ಕಾರಣವುಂಟು. ತುಳುನಾಡಿನಿಂದಲೂ ಕುಂದಾಪುರದ ಕಡೆಯಿಂದಲೂ ಹೋಟೆಲು, ಗಿರಣಿ, ಬ್ಯಾಂಕುಗಳ ಕೆಲಸಕ್ಕೆಂದು ಬಂದ ಮೊದಲ ತಲೆಮಾರುಗಳ ಗಂಡಸರಲ್ಲಿ ಬಹುಮಂದಿ ಒಬ್ಬಂಟಿಗರಾಗಿ ಬಂದರು. ಹೆಂಡತಿ ಮಕ್ಕಳು ಊರಲ್ಲಿಯೇ ಉಳಿದರು. ಮಾಟುಂಗದಲ್ಲಿ 1942ರಲ್ಲಿ ಎ. ರಾಮ ನಾಯಕರು ತೆರೆದ, ಇಂದಿಗೂ ನಡೆಯುತ್ತಿರುವ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಂತಹ ಊಟದ ಮನೆಗಳು ಆ ಒಂಟಿ ಗಂಡಸರ ಹಸಿವನ್ನು ತಣಿಸಿದವು. ಅವರಿಗೂ ಮನೆಯವರಿಗೂ ಇದ್ದ ಸಂಬಂಧವೆಂದರೆ ತಿಂಗಳಿಗೊಂದು ಮನಿಯಾರ್ಡರು, ಆಗೀಗ ಒಂದು ಕಾಗದ. ಆ ಕಾಗದವನ್ನು ಮಾವನೋ ಮೈದುನನೋ ನೆರೆಮನೆಯ ಹುಡುಗನೋ ಗಟ್ಟಿಯಾಗಿ ಓದಿ ಹೇಳುತ್ತಿದ್ದುದರಿಂದ, ಹೆಂಡತಿಗೆ ಮಾತ್ರ ಹೇಳಬೇಕಾದುದು ಅದರಲ್ಲಿ ಬರೆಯುವಂತಿರಲಿಲ್ಲ. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣವಾಗಿ ತೆರೆಯುವವರೆಗೆ ಘಟ್ಟ ಹತ್ತಿಳಿದು ಬಸ್ಸಿನಲ್ಲಿ ಊರು ಮುಟ್ಟುವುದೇ ಒಂದು ಸಾಹಸವಾಗಿತ್ತು. ವರ್ಷಕ್ಕೊಮ್ಮೆ ಬರುವ ತಂದೆಯ ಮುಂದೆ ಮನೆಯವರೆಲ್ಲರೂ ಹಬ್ಬದ ಮುಖ ಹೊತ್ತು ನಿಲ್ಲುತ್ತಿದ್ದರು. ಇಂತಹ ಮನೆಗಳಲ್ಲಿ ಬೆಳೆದ ಮಕ್ಕಳು ತಮ್ಮ ತಾಯಿತಂದೆ ಜಗಳವಾಡಿದ್ದನ್ನು ಪ್ರಾಯಶಃ ನೋಡಲಿಲ್ಲ. ಜಗಳವಾಡಿ ಮತ್ತೆ ಒಂದಾದುದನ್ನಂತೂ ನೋಡಲೇ ಇಲ್ಲ. ಅವರ ಮಕ್ಕಳೂ ಮೊಮ್ಮಕ್ಕಳೂ ಇಂದು ಥಾಣೆ, ಮುಲುಂಡ್, ಮೀರಾ ರೋಡುಗಳಲ್ಲಿ ಸಂಸಾರ ಹೂಡಿ, ಮುನಿಸು ಬಂದಾಗ ಏನು ಮಾಡಬೇಕೆಂದು ತಿಳಿಯದೆ ಮೌನವನ್ನೇ ಆಶ್ರಯಿಸಿದರೆ ಅದು ಆಶ್ಚರ್ಯವಲ್ಲ.

ಮೊದಲು ಹೊತ್ತಿನ ವಿಚಾರ. ಬೆಳಗ್ಗೆ ಡಬ್ಬಿ ಕಟ್ಟಿ ಗಾಡಿಗೆ ಓಡುವ ಸಮಯ, ರಾತ್ರಿ ಮನೆಯ ಹೊಸಿಲು ದಾಟಿದ ಮೊದಲ ಅರ್ಧ ಗಂಟೆ, ನಿದ್ದೆ ಕಣ್ಣು ಕವಿಯುವ ಹನ್ನೊಂದರ ನಂತರದ ಹೊತ್ತು, ಈ ಮೂರರಲ್ಲಿ ಯಾವ ಗಂಭೀರ ವಿಷಯವನ್ನೂ ಎತ್ತಬಾರದು. ಗಾಡಿಯಲ್ಲಿ ನಿಂತು ಮೊಬೈಲಿನಲ್ಲಿ ಮೆಸೇಜು ಬರೆದು ಜಗಳವಾಡುವುದು ಇವೆಲ್ಲಕ್ಕಿಂತ ಕೆಟ್ಟದ್ದು. ಅಕ್ಷರಕ್ಕೆ ದನಿಯಿಲ್ಲ, ಓದಿದವರು ತಮ್ಮ ಸಿಟ್ಟಿನ ದನಿಯನ್ನೇ ಅದಕ್ಕೆ ತುಂಬಿಕೊಳ್ಳುತ್ತಾರೆ. ನೀಲಿ ಗುರುತು ಬಿದ್ದೂ ಉತ್ತರ ಬಾರದಿದ್ದರೆ, ಸುರಂಗದಲ್ಲಿ ಸಿಗ್ನಲು ಹೋದದ್ದೂ ತಿರಸ್ಕಾರವಾಗಿ ಕಾಣುತ್ತದೆ. ‘ತಲುಪಿದೆ’, ‘ಇಂದು ಗಾಡಿ ತಡ’, ‘ಕೊತ್ತಂಬರಿ ತರಲೆ’ ಎಂಬಂತಹ ವಾರ್ತೆಗಳಿಗೂ, ಒಂದೆರಡು ಪ್ರೀತಿಯ ಮಾತಿಗೂ ಆ ಸಾಧನವನ್ನು ಮೀಸಲಿಟ್ಟು, ಮನಸ್ತಾಪದ ವಿಷಯವನ್ನು ಮುಖಾಮುಖಿಗೆಂದು ಉಳಿಸಿಕೊಳ್ಳುವುದು ಕ್ಷೇಮ.

ಇನ್ನು ಎಡೆ. ರೂಮ್ ಕಿಚನ್ ಮನೆಯಲ್ಲಿ ಹೊರಕೋಣೆಯಲ್ಲಿ ಮಾವ ಟಿ.ವಿ. ನೋಡುತ್ತಿರಲು, ಅತ್ತೆ ಮಗುವನ್ನು ಮಲಗಿಸುತ್ತಿರಲು, ಅಡುಗೆಮನೆಯಲ್ಲಿ ಪಿಸುಗುಟ್ಟಿ ಜಗಳವಾಡುವ ದಂಪತಿಗಳ ಕಷ್ಟ ಈ ಊರಿಗೇ ವಿಶಿಷ್ಟವಾದುದು. ಪಿಸುಮಾತಿನಲ್ಲಿ ಆಡಿದ ಸಿಟ್ಟಿಗೆ ತೀವ್ರತೆ ಹೆಚ್ಚು, ವಿವರಣೆ ಕಡಿಮೆ. ಮುಂಬಯಿಯ ಸಂಸಾರಸ್ಥರು ಇದಕ್ಕೆ ಎಂದೋ ಪರಿಹಾರ ಕಂಡುಕೊಂಡಿದ್ದಾರೆ: ಮರೀನ್ ಡ್ರೈವಿನ ಕಟ್ಟೆ, ದಾದರಿನ ಶಿವಾಜಿ ಪಾರ್ಕಿನ ಸುತ್ತಲಿನ ಕಟ್ಟೆ, ಮಾಟುಂಗದ ಫೈವ್ ಗಾರ್ಡನ್ಸ್, ಥಾಣೆಯ ತಲಾವ್ ಪಾಳಿ, ಬೊರಿವಲಿಯ ರಾಷ್ಟ್ರೀಯ ಉದ್ಯಾನ, ಇವುಗಳಲ್ಲಿ ಸಂಜೆ ಕುಳಿತಿರುವ ಜೋಡಿಗಳೆಲ್ಲರೂ ಅವಿವಾಹಿತ ಪ್ರೇಮಿಗಳೆಂದು ತಿಳಿಯುವುದು ತಪ್ಪು, ಮನೆಯಲ್ಲಿ ಮಾತಿಗೆ ಎಡೆಯಿಲ್ಲದ ಗಂಡಹೆಂಡಿರೂ ಅವರಲ್ಲಿ ಇದ್ದಾರೆ. ಪ್ರತಿದಿನ ಅಷ್ಟು ದೂರ ಹೋಗಲಾಗದವರಿಗೆ ನಾನು ಹೇಳುವ ಉಪಾಯ ಇದಕ್ಕಿಂತ ಸುಲಭವಾದುದು. ವಾರಕ್ಕೆ ಎರಡು ಸಂಜೆ, ಮೊದಲು ಬಂದವರು ಸ್ಟೇಷನ್ನಿನ ಸೇತುವೆಯ ಬಳಿ ಮತ್ತೊಬ್ಬರಿಗಾಗಿ ಕಾದು, ಷೇರ್ ರಿಕ್ಷಾದ ಸಾಲಿಗೆ ನಿಲ್ಲದೆ ಮನೆಯವರೆಗೆ ನಡೆದು ಹೋಗಬೇಕು. ಇಪ್ಪತ್ತು ನಿಮಿಷದ ಆ ನಡಿಗೆಯಲ್ಲಿ ಕೇಳುವ ಕಿವಿಗಳಿಲ್ಲ. ಪಕ್ಕಪಕ್ಕದಲ್ಲಿ ನಡೆಯುವವರು ಪರಸ್ಪರರ ಮುಖವನ್ನು ನೆಟ್ಟ ನೋಟದಿಂದ ನೋಡಬೇಕಾಗಿಲ್ಲವಾದುದರಿಂದ ನಾಚಿಕೆಯ ಸ್ವಭಾವದವರಿಗೂ ಕಠಿನವಾದ ಮಾತು ನಾಲಗೆಗೆ ಬರುತ್ತದೆ.

ಹೊತ್ತೂ ಎಡೆಯೂ ದೊರೆತ ಮೇಲೆ ಮಾತನ್ನು ಹೇಗೆ ತೊಡಗಬೇಕು? ಉದಾಹರಣೆಗಾಗಿ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳೋಣ. ವಿಶ್ವಾಸಭಂಗವೆಂದೊಡನೆ ಪರಸಂಬಂಧವನ್ನೇ ನೆನೆಯುವ ವಾಡಿಕೆಯಿದ್ದರೂ, ನಮ್ಮ ಜನರಲ್ಲಿ ಅದಕ್ಕಿಂತ ಸಾಮಾನ್ಯವಾದುದು ಹಣದ ಮುಚ್ಚುಮರೆ. ಇಬ್ಬರೂ ದುಡಿದು ಮನೆಯ ಡಿಪಾಸಿಟ್ಟಿಗೆಂದು ಕೂಡಿಟ್ಟ ಹಣದಲ್ಲಿ ಒಂದೂವರೆ ಲಕ್ಷವನ್ನು ಗಂಡ, ಹೆಂಡತಿಗೆ ತಿಳಿಸದೆ, ಊರಿನ ಮನೆಯ ಮಾಡು ರಿಪೇರಿಗೆಂದು ತನ್ನ ಅಣ್ಣನಿಗೆ ಕಳುಹಿಸಿದ್ದಾನೆ. ಬ್ಯಾಂಕಿನ ಮೆಸೇಜಿನಿಂದ ಅದು ಅವಳಿಗೆ ಗೊತ್ತಾಗಿದೆ. ಅವನು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವಾಗಲೇ ಅವಳು, ‘ನಿಮಗೆ ಯಾವತ್ತೂ ಊರಿನವರೇ ಮುಖ್ಯ, ನಾನು ಈ ಮನೆಯಲ್ಲಿ ದುಡಿದು ಹಾಕುವ ಆಳು’ ಎಂದರೆ, ಅವನು, ‘ನನ್ನ ಅಣ್ಣನಿಗೆ ಕೊಡಲು ನಿನ್ನ ಅಪ್ಪಣೆ ಬೇಕೇ?’ ಎಂದೇ ಎನ್ನುವನು. ಎರಡು ವಾಕ್ಯಗಳಲ್ಲಿ ಹಣದ ವಿಷಯ ಮರೆಯಾಗಿ, ಎರಡು ಮನೆತನಗಳ ಮಾನದ ವಿಷಯ ಎದ್ದು ನಿಂತಿತು. ಇನ್ನು ಆ ರಾತ್ರಿ ಯಾವುದೂ ಇತ್ಯರ್ಥವಾಗುವುದಿಲ್ಲ.

ಅದೇ ಹೆಂಡತಿ ಆ ರಾತ್ರಿಯನ್ನು ಹೇಗೋ ಕಳೆದು, ಮರುದಿನ ‘ಒಂದು ವಿಷಯ ಮಾತಾಡುವುದಿದೆ, ಸಂಜೆ ಸ್ಟೇಷನ್ನಿನಿಂದ ನಡೆದುಕೊಂಡು ಬರೋಣವೇ?’ ಎಂದು ಮೊದಲೇ ಸೂಚನೆ ಕೊಟ್ಟು, ಹಾದಿಯಲ್ಲಿ ಹೀಗೆನ್ನಲಿ: ‘ಹಣ ಹೋದದ್ದು ಬ್ಯಾಂಕಿನ ಮೆಸೇಜು ನೋಡಿ ನನಗೆ ಗೊತ್ತಾಯಿತು. ನಾನು ಈ ಮನೆಗೆ ಹೊರಗಿನವಳು ಅನ್ನಿಸಿಬಿಟ್ಟಿತು. ಭಾವನಿಗೆ ಕೊಟ್ಟದ್ದಕ್ಕೆ ನನ್ನ ತಕರಾರಿಲ್ಲ. ಇನ್ನು ಮುಂದೆ ಹತ್ತು ಸಾವಿರಕ್ಕಿಂತ ಹೆಚ್ಚು ಯಾರಿಗೆ ಕೊಡುವುದಿದ್ದರೂ ಇಬ್ಬರೂ ಕೂತು ಮಾತಾಡಿ ಕೊಡೋಣ.’ ನಡೆದದ್ದೇನು, ಅದರಿಂದ ತನಗೆ ಆದದ್ದೇನು, ಈಗ ತಾನು ಕೇಳುತ್ತಿರುವುದೇನು, ಈ ಮೂರೂ ಇದರಲ್ಲಿವೆ. ಗಂಡನ ಗುಣಶೀಲದ ಮೇಲಣ ತೀರ್ಪು ಇಲ್ಲ, ‘ಯಾವತ್ತೂ’, ‘ಒಂದು ಸಲವಾದರೂ’ ಎಂಬ ಲೆಕ್ಕಾಚಾರವಿಲ್ಲ. ಇಂತಹ ಮಾತಿನ ಎದುರು ಕೋಪ ಮಾಡಿಕೊಳ್ಳುವುದು ಕೋಪಿಷ್ಠನಿಗೂ ಕಷ್ಟ.

ಈಗ ಗಂಡನ ಸರದಿ. ವಾಸ್ತವವಾಗಿ ಅವನ ಕೆಲಸ ಅವಳದಕ್ಕಿಂತ ಕಠಿನ. ಕೇಳುತ್ತಿರುವಾಗಲೇ ಉತ್ತರವನ್ನು ಹೊಂದಿಸಿಕೊಳ್ಳುವುದು ಮನುಷ್ಯಸ್ವಭಾವ. ಅದನ್ನು ತಡೆದು, ತನ್ನ ಸಮರ್ಥನೆಗೆ ಮುಂಚೆ, ಅವಳು ಹೇಳಿದ್ದನ್ನು ತನ್ನ ಮಾತಿನಲ್ಲಿ ಅವಳಿಗೇ ತಿರುಗಿ ಹೇಳಬೇಕು: ‘ನಾನೇ ಹೇಳಬೇಕಾದ್ದು ಬ್ಯಾಂಕಿನವರಿಂದ ನಿನಗೆ ಗೊತ್ತಾಯಿತು. ಹೊರಗಿನವಳ ಹಾಗೆ ಆಯಿತು ನಿನಗೆ. ಅಲ್ಲವೇ?’ ಅವಳು ಹೌದೆಂದ ಮೇಲೆ, ‘ಹೇಳದೆ ಕೊಟ್ಟದ್ದು ನನ್ನ ತಪ್ಪು. ನೀನು ಬೇಡವೆಂದರೆ ಅಣ್ಣನಿಗೆ ಏನೆನ್ನಲಿ ಎಂದು ಹೆದರಿ ಮುಚ್ಚಿಟ್ಟೆ.’ ಕಾರಣವನ್ನು ಹೇಳಬಾರದೆಂದಿಲ್ಲ. ಆದರೆ ಅದು ತಪ್ಪೊಪ್ಪಿಗೆಯ ಹಿಂದೆ ಬರಬೇಕು, ಮುಂದೆ ಬಂದರೆ ನೆಪವೆನ್ನಿಸಿಕೊಳ್ಳುತ್ತದೆ. ‘ತಪ್ಪಾಗಿದ್ದರೆ ಕ್ಷಮಿಸು’ ಎನ್ನುವವನು ತಪ್ಪನ್ನು ಇನ್ನೂ ಒಪ್ಪಿದವನಲ್ಲ. ‘ಆಯ್ತು ಮಾರಾಯ್ತಿ, ತಪ್ಪಾಯ್ತು, ಸಾಕಾ?’ ಎನ್ನುವವನು ಗಾಯದ ಮೇಲೆ ಮತ್ತೊಂದು ಗಾಯ ಮಾಡುತ್ತಾನೆ.

ದಾಂಪತ್ಯದ ವಿವಾದಗಳನ್ನು ಶಾಸ್ತ್ರೀಯವಾಗಿ ಅಧ್ಯಯನ ಮಾಡಿದವರಲ್ಲಿ ಅಮೆರಿಕದ ಮನೋವಿಜ್ಞಾನಿ ಜಾನ್ ಗಾಟ್‌ಮನ್ ಪ್ರಸಿದ್ಧರು. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ದಂಪತಿಗಳನ್ನು ಎದುರುಬದುರು ಕೂರಿಸಿ, ಅವರ ವಾಗ್ವಾದವನ್ನು ಚಿತ್ರೀಕರಿಸಿ, ನಾಡಿಯ ಬಡಿತವನ್ನೂ ಅಳೆದು, ಅವರು ಹೇಳಿದ್ದು ಇಷ್ಟು: ಗುಣದೂಷಣೆ, ತಿರಸ್ಕಾರ, ಆತ್ಮಸಮರ್ಥನೆ, ಗೋಡೆಯಂತೆ ಮೌನವಾಗಿಬಿಡುವುದು, ಈ ನಾಲ್ಕು ದಾಂಪತ್ಯವನ್ನು ಕೆಡಿಸುತ್ತವೆ, ನಾಲ್ಕರಲ್ಲಿ ತಿರಸ್ಕಾರ ಅತಿ ಘಾತಕ. ನಾಲ್ಕನೆಯದಾದ ಮೌನ ನಮ್ಮ ಮನೆಗಳ ಹಳೆಯ ರೋಗ. ನಾವು ಅದನ್ನು ‘ಮಾತು ಬಿಡುವುದು’ ಎನ್ನುತ್ತೇವೆ. ಎದುರಿಗೇ ಕುಳಿತ ಗಂಡನಿಗೆ ಕೇಳಿಸುವಂತೆ ಮಗುವಿನ ಕಡೆ ತಿರುಗಿ, ‘ಅಪ್ಪನಿಗೆ ಊಟಕ್ಕೆ ಬರಲು ಹೇಳು’ ಎನ್ನುವ ತಾಯಿಯೂ, ‘ಅಮ್ಮನಿಗೆ ಹಸಿವಿಲ್ಲ ಅಂತ ಹೇಳು’ ಎನ್ನುವ ತಂದೆಯೂ ಆ ಎಳೆಯ ಹೆಗಲ ಮೇಲೆ ಹೊರಿಸುವ ಭಾರವನ್ನು ಅರಿಯರು. ಮಕ್ಕಳನ್ನು ರಾಯಭಾರಿಗಳನ್ನಾಗಿ ಮಾಡಬಾರದು. ಇದೊಂದನ್ನು ಮಾತ್ರ ನಾನು ವಿಧಿಯೆಂಬಂತೆ ಹೇಳಬಯಸುತ್ತೇನೆ.

ಹಾಗಾದರೆ ಸಿಟ್ಟು ನೆತ್ತಿಗೇರಿದಾಗ ಮಾತಾಡುತ್ತಲೇ ಇರಬೇಕೇ? ಬೇಡ. ನಾಡಿ ನಿಮಿಷಕ್ಕೆ ನೂರನ್ನು ಮೀರಿ ಬಡಿಯುತ್ತಿರುವಾಗ ಕಿವಿಗೆ ಬಿದ್ದುದು ಬುದ್ಧಿಗೆ ಮುಟ್ಟುವುದಿಲ್ಲವೆಂದೂ, ದೇಹ ಶಾಂತವಾಗಲು ಕನಿಷ್ಠಪಕ್ಷ 20 ನಿಮಿಷ ಬೇಕೆಂದೂ ಗಾಟ್‌ಮನ್ ಹೇಳುತ್ತಾರೆ. ಆದುದರಿಂದ ಮಾತನ್ನು ನಿಲ್ಲಿಸುವುದು ಉಚಿತವೇ. ಆದರೆ ಮತ್ತೆ ತೊಡಗುವ ಹೊತ್ತನ್ನು ಹೇಳಿ ನಿಲ್ಲಿಸಬೇಕು. ‘ನನಗೆ ಈಗ ಸಿಟ್ಟು ಬಂದಿದೆ. ಕೆಳಗೆ ಹೋಗಿ ಒಂದು ಸುತ್ತು ಹಾಕಿ ಬರುತ್ತೇನೆ, ಒಂಬತ್ತೂವರೆಗೆ ಮತ್ತೆ ಕೂರೋಣ’ ಎಂದು ಹೇಳಿ ಹೋದವನು ಒಂಬತ್ತೂವರೆಗೆ ಬಂದು ಕುಳಿತನೆಂದರೆ, ಆ ಹಿಂದಿರುಗುವಿಕೆಯೇ ಒಂದು ನೆರವೇರಿದ ವಾಗ್ದಾನವಾಗುತ್ತದೆ. ಹೇಳದೆ ಬಾಗಿಲು ಬಡಿದು ಹೋದವನು ಮನೆಯಲ್ಲಿ ಉಳಿದವಳಿಗೆ ಭಯವನ್ನು ಬಿಟ್ಟು ಹೋಗುತ್ತಾನೆ. ಅದೇ ವಿದ್ವಾಂಸರ ಮತ್ತೊಂದು ಮಾತು ನವದಂಪತಿಗಳಿಗೆ ಸಮಾಧಾನ ತರಬಹುದು: ಗಂಡಹೆಂಡಿರ ಭಿನ್ನಾಭಿಪ್ರಾಯಗಳಲ್ಲಿ ನೂರಕ್ಕೆ 69ರಷ್ಟು ಎಂದೂ ಪೂರ್ಣವಾಗಿ ಪರಿಹಾರವಾಗದಂಥವು. ಅವನು ಮಿತವ್ಯಯಿ, ಅವಳು ಉದಾರಿ. ಅವಳಿಗೆ ನೆಂಟರಿಷ್ಟರು ಬೇಕು, ಅವನಿಗೆ ಏಕಾಂತ ಬೇಕು. ಸುಖವಾಗಿರುವ ದಂಪತಿಗಳಲ್ಲಿಯೂ ಇವು ಇದ್ದೇ ಇರುತ್ತವೆ. ಅವರು ಅವನ್ನು ಕುರಿತು ಕಹಿಯಿಲ್ಲದೆ ಮತ್ತೆ ಮತ್ತೆ ಮಾತಾಡಲು ಕಲಿತಿರುತ್ತಾರೆ, ಅಷ್ಟೇ.

ಮೂರನೆಯ ವ್ಯಕ್ತಿಯೊಬ್ಬರ ಸಂಗತಿ ಬೆಳಕಿಗೆ ಬಂದಾಗ, ಕಚೇರಿಯ ಗೆಳೆತನವೊಂದು ಮೇರೆ ಮೀರಿದ್ದು ಫೋನಿನ ಮೆಸೇಜುಗಳಿಂದ ಗೊತ್ತಾದಾಗ, ಕೆಲಸ ಇನ್ನೂ ಕಷ್ಟದ್ದಾಗುತ್ತದೆ. ಈ ವಿಷಯದಲ್ಲಿ ದೀರ್ಘಕಾಲ ಚಿಕಿತ್ಸಕಿಯಾಗಿದ್ದ ಅಮೆರಿಕದ ಶರ್ಲಿ ಗ್ಲಾಸ್, ದಂಪತಿಗಳ ನಡುವೆ ಕಿಟಕಿಯೂ ಹೊರಗಿನವರ ಕಡೆಗೆ ಗೋಡೆಯೂ ಇರಬೇಕಾದುದು ನ್ಯಾಯ, ವಿಶ್ವಾಸ ಮುರಿದ ಮನೆಯಲ್ಲಿ ಕಿಟಕಿ ಹೊರಗಿನವರ ಕಡೆಗೂ ಗೋಡೆ ಸಂಗಾತಿಯ ಕಡೆಗೂ ಎದ್ದಿರುತ್ತದೆ ಎಂದು ವಿವರಿಸಿದ್ದಾರೆ. ಗೋಡೆಯನ್ನು ಮೊದಲಿದ್ದೆಡೆಗೆ ತರಲು ಪ್ರಥಮತಃ ಆ ಸಂಬಂಧ ನಿಲ್ಲಬೇಕು, ನಿಂತಿತೆಂಬುದು ಸಂಗಾತಿಗೆ ಕಾಣಬೇಕು. ಅನಂತರ ನಿಜವನ್ನು ಒಂದೇ ಸಲ ಪೂರ್ತಿಯಾಗಿ ಹೇಳಬೇಕು. ಇಂದು ಕಾಲು ಭಾಗ, ಸಿಕ್ಕಿಬಿದ್ದ ಮೇಲೆ ಮತ್ತೆ ಕಾಲು ಭಾಗ ಹೇಳುವವರು, ನೋವನ್ನು ಕಡಿಮೆ ಮಾಡುತ್ತಿದ್ದೇವೆಂದು ಭಾವಿಸಿ, ಪ್ರತಿಸಲವೂ ವಿಶ್ವಾಸವನ್ನು ಬುಡದಿಂದ ಕೀಳುತ್ತಾರೆ. ಮೊದಲ ವಂಚನೆಯನ್ನು ಸಹಿಸಿಕೊಂಡವರೂ ಈ ಕಂತುಕಂತಿನ ಸತ್ಯವನ್ನು ಸಹಿಸಲಾರರು.

ನೊಂದವರು ಕೇಳಿದ್ದನ್ನೇ ಕೇಳುತ್ತಾರೆ. ಮಧ್ಯರಾತ್ರಿ ಎದ್ದು ಕೂತು, ‘ಆ ಶುಕ್ರವಾರ ನಿಜವಾಗಿಯೂ ಆಫೀಸಿನಲ್ಲೇ ಇದ್ದಿರಾ?’ ಎಂದು ಹತ್ತನೆಯ ಸಲ ಕೇಳುವವಳಿಗೆ ‘ಎಷ್ಟು ಸಲ ಹೇಳಬೇಕು ನಿನಗೆ?’ ಎಂಬ ಉತ್ತರ ಕೊಡುವವನು, ಅವಳು ವಾರ್ತೆಯನ್ನು ಕೇಳುತ್ತಿಲ್ಲವೆಂಬುದನ್ನು ಗ್ರಹಿಸಿಲ್ಲ. ಅವಳಿಗೆ ಬೇಕಾದುದು ಅಭಯ. ‘ಇರಲಿಲ್ಲ. ಅಂದು ಸುಳ್ಳು ಹೇಳಿದ್ದೆ. ಇವತ್ತು ಹೇಳುತ್ತಿರುವುದು ನಿಜ. ನೀನು ಮತ್ತೆ ಕೇಳಿದರೂ ಹೇಳುತ್ತೇನೆ’ ಎನ್ನುವ ತಾಳ್ಮೆ ಅವನಿಗಿರಬೇಕು. ಹಾಗೆಂದು ಪ್ರಶ್ನೆಗಳು ಹಗಲಿರುಳು ಹರಿಯುತ್ತಿದ್ದರೆ ಇಬ್ಬರೂ ಬಳಲಿಹೋಗುತ್ತಾರೆ. ಆದುದರಿಂದ ದಿನಕ್ಕೆ ಅರ್ಧ ಗಂಟೆಯನ್ನು ಇದಕ್ಕೆಂದೇ ಗೊತ್ತುಮಾಡಿ, ಉಳಿದ ಹೊತ್ತನ್ನು ಸಾಮಾನ್ಯ ಸಂಸಾರಕ್ಕೆ ಬಿಡುವುದು ಒಳ್ಳೆಯದು. ಫೋನಿನ ಬೀಗದ ಸಂಖ್ಯೆಯನ್ನು ತಪ್ಪು ಮಾಡಿದವರು ತಾವಾಗಿ ಕೊಟ್ಟರೆ ಅದು ಔಷಧ, ಮತ್ತೊಬ್ಬರು ಕದ್ದು ನೋಡಿದರೆ ಅದು ಹೊಸ ರೋಗ. ಕೊಟ್ಟದ್ದನ್ನೂ ಜೀವಮಾನವಿಡೀ ನೋಡುತ್ತಿರಲಾಗದು. ಕೆಲವು ತಿಂಗಳ ಮೇಲೆ ಅದರ ಅಗತ್ಯವಿದೆಯೇ ಎಂದು ಇಬ್ಬರೂ ಕುಳಿತು ಯೋಚಿಸಬೇಕು. ಪ್ರಶ್ನಿಸುವವರು ಗಂಡನಾದರೂ ಈ ಮಾತು ಹೀಗೆಯೇ ಅನ್ವಯಿಸುತ್ತದೆ. ಆದರೆ ನಮ್ಮ ಸಮಾಜ ಅವನ ಸಂಶಯಕ್ಕೆ ಕೊಡುವ ಸಲಿಗೆಯನ್ನು ಅವಳ ಸಂಶಯಕ್ಕೆ ಕೊಡುವುದಿಲ್ಲವೆಂಬುದನ್ನು ಗಂಡಸರು ನೆನಪಿನಲ್ಲಿಡಬೇಕು.

ವಿಶ್ವಾಸ ಹಿಂದಿರುಗುವುದು ಬಹು ಸಣ್ಣ ದ್ವಾರಗಳಿಂದ. ಒಂಬತ್ತಕ್ಕೆ ಬರುತ್ತೇನೆಂದವರು ಒಂಬತ್ತಕ್ಕೆ ಬರುವುದು, ಗಾಡಿ ತಪ್ಪಿದರೆ ಆಗಲೇ ತಿಳಿಸುವುದು, ಗ್ಯಾಸ್ ಬುಕ್ ಮಾಡುತ್ತೇನೆಂದು ಹೇಳಿದ್ದನ್ನು ಮಾಡಿರುವುದು. ಇವು ಕ್ಷುಲ್ಲಕವಾಗಿ ಕಂಡರೂ, ನೊಂದ ಮನಸ್ಸು ಇವನ್ನೇ ಲೆಕ್ಕ ಹಿಡಿಯುತ್ತಿರುತ್ತದೆ. ಹಣದಲ್ಲಿ ಮುಚ್ಚುಮರೆಯಾಗಿದ್ದಲ್ಲಿ, ಸಂಬಳ ಬಂದ ಮೊದಲ ಭಾನುವಾರ ಒಂದು ನೋಟುಪುಸ್ತಕವನ್ನಿಟ್ಟುಕೊಂಡು ಕುಳಿತು, ಬಾಡಿಗೆ ಅಥವಾ ಮನೆಯ ಸಾಲದ ಕಂತು, ಸೊಸೈಟಿಯ ಮೇಂಟೆನೆನ್ಸು, ಮಗುವಿನ ಶಾಲೆ, ಎರಡೂ ಕಡೆಯ ಊರಿಗೆ ಕಳುಹಿಸತಕ್ಕದ್ದು, ಕೋಲಕ್ಕೆ, ಜಾತ್ರೆಗೆ, ಸಂಘದ ವಂತಿಗೆಗೆ ಕೊಡತಕ್ಕದ್ದು, ಎಲ್ಲವನ್ನೂ ಬರೆದಿಡಬೇಕು. ‘ಎರಡೂ ಕಡೆಯ’ ಎಂಬುದನ್ನು ನಾನು ಒತ್ತಿ ಹೇಳುತ್ತೇನೆ. ದುಡಿಯುವ ಸೊಸೆ ತನ್ನ ತಾಯಿಗೆ ಕಳುಹಿಸುವ ಎರಡು ಸಾವಿರವನ್ನು ಗುಟ್ಟಾಗಿ ಕಳುಹಿಸಬೇಕಾದ ಮನೆಯಲ್ಲಿ ಗುಟ್ಟು ಇಬ್ಬರ ಕಡೆಯಿಂದಲೂ ಬೆಳೆಯುತ್ತದೆ. ಇದರ ಜೊತೆಗೆ ಇಬ್ಬರಿಗೂ ಲೆಕ್ಕ ಹೇಳಬೇಕಾಗಿಲ್ಲದ ಒಂದಿಷ್ಟು ಕೈಖರ್ಚನ್ನು ಬಿಟ್ಟುಕೊಡುವುದೂ ಅವಶ್ಯ.

ಸಾಮೀಪ್ಯವೆಂಬುದು ಇಷ್ಟರಿಂದಲೇ ತಾನಾಗಿ ಬಂದುಬಿಡುವುದೇ? ಒಂದೇ ಕೋಣೆಯಲ್ಲಿ ಹಿರಿಯರೂ ಮಗುವೂ ಮಲಗುವ ಮನೆಯಲ್ಲಿ ಗಂಡಹೆಂಡಿರು ಸ್ಪರ್ಶವನ್ನೇ ಮರೆತಿರುವುದುಂಟು. ವಿರಸದ ಮೇಲಂತೂ ಯಾರು ಮೊದಲು ಕೈನೀಡಬೇಕೆಂಬುದೇ ಒಂದು ಸ್ಪರ್ಧೆಯಾಗುತ್ತದೆ. ಶಯ್ಯೆಯ ಸಾಮೀಪ್ಯಕ್ಕೆ ಅವಸರಪಡದೆ, ಒಬ್ಬರು ಬಂದಾಗ ಮತ್ತೊಬ್ಬರು ಫೋನನ್ನು ಕೆಳಗಿಟ್ಟು ತಲೆಯೆತ್ತಿ ನೋಡುವುದರಿಂದ, ಬಿಸಿ ಚಹಾವನ್ನು ಮುಂದಿಡುವಾಗ ಹೆಗಲ ಮೇಲೊಂದು ಕೈ ಇಡುವುದರಿಂದ ತೊಡಗುವುದು ಸಾಕು. ನೊಂದವರು ‘ಇನ್ನೂ ಬೇಡ’ ಎಂದರೆ ಅದನ್ನು ಶಿಕ್ಷೆಯೆಂದು ತಿಳಿಯಬಾರದು. ತಿಂಗಳಿಗೆ ಒಂದು ಸಂಜೆ ಮಗುವನ್ನು ಅತ್ತೆಯವರ ಬಳಿ ಬಿಟ್ಟು ಇಬ್ಬರೇ ಹೊರಗೆ ಹೋಗುವುದಕ್ಕೆ ಸಂಕೋಚಪಡುವ ಸೊಸೆಯಂದಿರು ಅನೇಕರು. ಆ ಮಾತನ್ನು ಮಗನೇ ತನ್ನ ತಾಯಿಯ ಬಳಿ ಎತ್ತಬೇಕು, ಹೆಂಡತಿಯ ಬಾಯಿಂದ ಹೇಳಿಸಬಾರದು. ಮಾಹಿಮಿನ ಕರ್ನಾಟಕ ಸಂಘದಲ್ಲಿಯೋ ಮಾಟುಂಗದ ಮೈಸೂರು ಅಸೋಸಿಯೇಷನ್ನಿನಲ್ಲಿಯೋ ಒಂದು ನಾಟಕವಿದೆಯೆಂದರೆ ಹಿರಿಯರೂ ಆಕ್ಷೇಪಿಸಲಾರರು. ನಾಟಕ ಮುಗಿದ ಮೇಲೆ ದಾದರಿನವರೆಗೆ ನಡೆಯಬಹುದು.

ಇಬ್ಬರ ಮಾತು ಇಬ್ಬರಲ್ಲಿಯೇ ಉಳಿಯುವುದೂ ಈ ವಿದ್ಯೆಯ ಒಂದು ಅಂಗ. ಲೇಡೀಸ್ ಡಬ್ಬದಲ್ಲಿ ವರ್ಷಗಟ್ಟಲೆ ಜೊತೆಯಾಗಿ ಪಯಣಿಸಿ, ಹಿಂದಿರುಗುವಾಗ ಮಡಿಲಲ್ಲಿ ತರಕಾರಿ ಬಿಡಿಸುತ್ತ ಸುಖದುಃಖ ಹಂಚಿಕೊಳ್ಳುವ ಹೆಂಗಸರ ಸ್ನೇಹ ಈ ನಗರದ ದೊಡ್ಡ ಸಂಪತ್ತುಗಳಲ್ಲಿ ಒಂದು. ಅದನ್ನು ಬಿಡಬೇಕೆಂದು ಯಾರೂ ಹೇಳಲಾರರು. ಆದರೆ ಗಂಡನಿಗೆ ಹೇಳಬೇಕಾದ ಅಸಮಾಧಾನವನ್ನು ದಿನವೂ ಅಲ್ಲಿ ಹೇಳಿ ಹಗುರಾದವಳಿಗೆ, ಮನೆಯಲ್ಲಿ ಅದನ್ನು ಎತ್ತುವ ಉಮೇದೇ ಉಳಿಯುವುದಿಲ್ಲ. ಗೆಳೆಯರ ಜೊತೆ ಕುಡಿತದ ಮೇಜಿನಲ್ಲಿ ಹೆಂಡತಿಯನ್ನು ದೂರಿ ಬರುವ ಗಂಡನ ಸ್ಥಿತಿಯೂ ಅದೇ. ಊರಿಗೆ ಫೋನು ಮಾಡಿ ತಾಯಿಗೆ ಹೇಳುವುದು ಇದಕ್ಕಿಂತ ಅಪಾಯಕರ: ಗಂಡಹೆಂಡಿರು ಮೂರನೆಯ ದಿನ ಒಂದಾದರೂ, ದೂರದಲ್ಲಿ ಕುಳಿತ ತಾಯಿಗೆ ಆ ವಾರ್ತೆಯನ್ನು ಯಾರೂ ಹೇಳುವುದಿಲ್ಲ, ಅವಳು ಅಳಿಯನನ್ನಾಗಲಿ ಸೊಸೆಯನ್ನಾಗಲಿ ಕ್ಷಮಿಸುವುದೂ ಇಲ್ಲ. ಹಿರಿಯರ ಸಲಹೆ ಬೇಕೇಬೇಕೆನಿಸಿದರೆ, ಇಬ್ಬರೂ ಒಪ್ಪುವ ಒಬ್ಬ ಚಿಕ್ಕಮ್ಮನನ್ನೋ ದೊಡ್ಡಪ್ಪನನ್ನೋ ಆರಿಸಿಕೊಂಡು ಒಟ್ಟಿಗೆ ಹೋಗುವುದು ಮೇಲು.

ಇಲ್ಲಿಯವರೆಗೆ ಹೇಳಿದ್ದೆಲ್ಲವೂ ಇಬ್ಬರೂ ನಿರ್ಭಯವಾಗಿ ಮಾತಾಡಬಲ್ಲ ಮನೆಗೆ ಸಲ್ಲುತ್ತದೆ. ಹೊಡೆತ, ಬೆದರಿಕೆ, ಸಂಬಳವನ್ನು ಕಿತ್ತುಕೊಳ್ಳುವುದು, ಹೊರಗೆ ಹೋಗದಂತೆ ತಡೆಯುವುದು ಇರುವಲ್ಲಿ ಮಾತಿನ ಜಾಣ್ಮೆಯನ್ನು ಬೋಧಿಸುವುದು ಅನ್ಯಾಯ. ಅಲ್ಲಿ ಮೊದಲು ಬೇಕಾದುದು ರಕ್ಷಣೆ. 2005ರ ಕೌಟುಂಬಿಕ ಹಿಂಸೆ ತಡೆ ಕಾನೂನು ದೈಹಿಕ ಹಿಂಸೆಯನ್ನಷ್ಟೇ ಅಲ್ಲದೆ ಮಾತಿನ, ಮನಸ್ಸಿನ, ಹಣಕಾಸಿನ ಹಿಂಸೆಯನ್ನೂ ಹಿಂಸೆಯೆಂದೇ ಪರಿಗಣಿಸುತ್ತದೆ. ತುರ್ತಿಗೆ 112, ಮಹಿಳಾ ಸಹಾಯವಾಣಿ 181. ಟಾಟಾ ಸಮಾಜವಿಜ್ಞಾನ ಸಂಸ್ಥೆ 1984ರಲ್ಲಿ ಮುಂಬಯಿಯ ಪೋಲೀಸ್ ಆಯುಕ್ತರ ಕಚೇರಿಯಲ್ಲಿಯೇ ಸ್ತ್ರೀಯರಿಗೂ ಮಕ್ಕಳಿಗೂ ಆರಂಭಿಸಿದ ವಿಶೇಷ ಘಟಕದ ಮಾದರಿ ಆಮೇಲೆ ಇತರ ಕಡೆಗಳಿಗೂ ಹಬ್ಬಿತು. 1987ರ ಕಾನೂನಿನಂತೆ ಸ್ತ್ರೀಯರಿಗೆ, ಅವರ ವರಮಾನ ಎಷ್ಟೇ ಇರಲಿ, ಉಚಿತ ಕಾನೂನು ನೆರವು ದೊರೆಯುತ್ತದೆ.

ಹಿಂಸೆಯಿಲ್ಲದೆಯೂ ಇಬ್ಬರ ಯತ್ನ ಫಲಿಸದಿದ್ದಾಗ ಆಪ್ತಸಲಹೆಗಾರರ ಬಳಿಗೆ ಹೋಗುವುದಕ್ಕೆ ನಮ್ಮವರು ನಾಚುತ್ತಾರೆ. ಸಂಘದಲ್ಲಿ ಗೊತ್ತಾದರೆ ಏನೆಂದಾರು ಎಂಬ ಶಂಕೆ. ಸಲಹೆಗಾರರು ಕೇಳಿದ್ದನ್ನು ಗುಟ್ಟಾಗಿಡಲು ಬದ್ಧರು. ಕೇಂದ್ರ ಸರಕಾರದ ಟೆಲಿ ಮಾನಸ್ ಸೇವೆಗೆ 14416ರಲ್ಲಿ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೂ ಮಾತಾಡಬಹುದು. ಮನಸ್ಸಿನ ನೋವನ್ನು ಮರಾಠಿ ಹಿಂದಿಗಳಲ್ಲಿ ಹೇಳಲು ತಡವರಿಸುವವರಿಗೆ ಇದು ಸಣ್ಣ ಅನುಕೂಲವಲ್ಲ. ಬಾಂದ್ರಾದ ಕುಟುಂಬ ನ್ಯಾಯಾಲಯವೆಂದರೆ ವಿಚ್ಛೇದನದ ಕಟ್ಟಡವೆಂದು ಬಹುಮಂದಿ ತಿಳಿದಿದ್ದಾರೆ. 1984ರ ಕುಟುಂಬ ನ್ಯಾಯಾಲಯ ಕಾನೂನಾದರೋ, ಸಂಧಾನಕ್ಕೆ ಯತ್ನಿಸುವುದನ್ನು ನ್ಯಾಯಾಧೀಶರ ಕರ್ತವ್ಯವೆಂದೇ ವಿಧಿಸಿ, ಅದಕ್ಕಾಗಿ ಸಲಹೆಗಾರರ ನೇಮಕಕ್ಕೂ ಅವಕಾಶ ಮಾಡಿದೆ. ಅರ್ಜಿ ಹಾಕಿದ ಮೇಲೂ ಆ ಸಲಹೆಗಾರರ ಕೋಣೆಯಲ್ಲಿ ಕುಳಿತು ಒಂದಾಗಿ ಹಿಂದಿರುಗುವ ಮಾರ್ಗ ಮುಚ್ಚಿರುವುದಿಲ್ಲ. ಆದರೆ ಅರ್ಜಿಯವರೆಗೆ ಕಾಯಬೇಕಾಗಿಲ್ಲ. ಸಂಗಾತಿ ಬರಲೊಪ್ಪದಿದ್ದರೆ, ಸಲಹೆಗಾರರ ಬಳಿಗೆ ಮೊದಲು ಒಬ್ಬರೇ ಹೋಗಬಹುದು. ಹೋಗುವಾಗ, ಕಳೆದ ತಿಂಗಳಿನಲ್ಲಿ ಅರ್ಧಕ್ಕೆ ನಿಂತ ಒಂದು ಮಾತನ್ನು, ಯಾರು ಏನೆಂದರು, ಯಾವ ಹೊತ್ತಿನಲ್ಲಿ, ಎಲ್ಲಿ ಎಂಬ ವಿವರಸಹಿತ ಒಂದು ಹಾಳೆಯ ಮೇಲೆ ಬರೆದುಕೊಂಡು ಹೋದರೆ, ಅವರಿಗೆ ಎಲ್ಲಿಂದ ತೊಡಗಬೇಕೆಂಬುದು ತಿಳಿಯುತ್ತದೆ.